ಅಮ್ಮನಿಗೆ ಓಗೊಡದ ಒಲೆ

ಕೆಲವು ತಿಂಗಳ ಕಾಲ ನನ್ನ ಪ್ಯಾಂಟಿನ ಜೇಬಿನಲ್ಲಿ ಒಂದು ಅಯಸ್ಕಾಂತ ಇರುತ್ತಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದು, ಒಂಟೆಯ ಆಕಾರದ್ದು. ಪಾತ್ರೆ ಅಂಗಡಿ ಕಂಡಲ್ಲೆಲ್ಲ ಒಳಗೆ ನುಗ್ಗಿ, ಬಾಣಲೆಗಳನ್ನು ಬೋರಲು ಹಾಕಿ, ಅವುಗಳ ತಳಕ್ಕೆ ಒಂಟೆಯನ್ನು ಹಿಡಿಯುತ್ತಿದ್ದೆ. ಒಂಟೆ ಕಚ್ಚಿಕೊಂಡರೆ ಪಾತ್ರೆ ಪಾಸು, ಜಾರಿ ಬಿದ್ದರೆ ಫೇಲು. ನನ್ನ ಹೆಂಡತಿ ವನಿತಾ ನನ್ನ ಗುರುತೇ ಇಲ್ಲದವಳಂತೆ ಎರಡು ಸಾಲು ಆಚೆ ಹೋಗಿ ಟವೆಲುಗಳ ಬಣ್ಣ ನೋಡುತ್ತ ನಿಲ್ಲುತ್ತಿದ್ದಳು. ನಾಚಿಕೆಪಡಬೇಕಾದವನು ನಾನು, ಪಟ್ಟವಳು ಅವಳು. ನನ್ನ ಸರದಿ ಆಮೇಲೆ ಬಂತು. ಬಂದದ್ದು ಇನ್ನೂ ಪೂರ್ತಿ ಹೋಗಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಇಂಡಕ್ಷನ್ ಒಲೆ ಗೊತ್ತಿಲ್ಲದವರಿಗೆ ಎರಡು ಮಾತು. ಅದರಲ್ಲಿ ಬೆಂಕಿ ಇಲ್ಲ. ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಕರೆಂಟು ಹರಿದಾಗ ಮೇಲಿಟ್ಟ ಪಾತ್ರೆಯ ತಳವೇ ತಾನಾಗಿ ಬಿಸಿಯಾಗುತ್ತದೆ. ಪಾತ್ರೆ ಮಾತ್ರ ಅಯಸ್ಕಾಂತಕ್ಕೆ ಅಂಟುವ ಜಾತಿಯದ್ದಾಗಿರಬೇಕು. ಅಲ್ಯೂಮಿನಿಯಮ್, ಹಿತ್ತಾಳೆ, ಮಣ್ಣಿನ ಮಡಕೆಗಳಿಗೆಲ್ಲ ಪ್ರವೇಶವಿಲ್ಲ. ಇದನ್ನು ಎರಡು ಮಾತಿನಲ್ಲಿ ಮುಗಿಸಲು ನಾನು ಕಲಿತದ್ದು ಇತ್ತೀಚೆಗೆ. ಮೊದಲೆಲ್ಲ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ, ಕಾಗದ ಪೆನ್ನು ತರಿಸಿ ಚಿತ್ರ ಬರೆಯುತ್ತಿದ್ದೆ.

ಯಾಕೆಂದರೆ ನಾನು ಬಿ.ಎಸ್ಸಿ. ಭೌತಶಾಸ್ತ್ರ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಸರ್ಟಿಫಿಕೇಟು ಹಿಡಿದು ಇಳಿದವರಲ್ಲಿ ಮೊದಲನೆಯವನು. ಅಪ್ಪ ಮಲ್ಪೆಯ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದರು, ನಾನು ಏಳನೆಯಲ್ಲಿರುವಾಗ ತೀರಿಕೊಂಡರು. ಅಮ್ಮ ಬೀಡಿ ಕಟ್ಟಿ ಓದಿಸಿದಳು. ಈ ಕೊನೆಯ ವಾಕ್ಯವನ್ನು ಇಷ್ಟು ಸಲೀಸಾಗಿ ಬರೆಯಲು ನನಗೆ ನಲವತ್ತು ವರ್ಷ ದಾಟಬೇಕಾಯಿತು. ಕೆಲಸಕ್ಕೆಂದು ಬಂದ ಅಬುಧಾಬಿಯಲ್ಲಿ ಯಾರಾದರೂ ಕೇಳಿದರೆ "ಅಮ್ಮ ಮನೆಯಲ್ಲೇ" ಅನ್ನುತ್ತಿದ್ದೆ. ಅದು ಸುಳ್ಳೇನಲ್ಲ, ಬೀಡಿಯನ್ನು ಮನೆಯಲ್ಲೇ ಕಟ್ಟುವುದು.

ಪದವಿಯ ಮೇಲೆ ನನಗೆ ಎಷ್ಟು ಪ್ರೀತಿಯೆಂದರೆ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಫ್ಲಾಟು ಹಿಡಿದಾಗ ಬಾಗಿಲಿಗೆ ಹಾಕಿಸಿದ ಫಲಕದಲ್ಲಿ ಹೆಸರಿನ ಮುಂದೆ ಬಿ.ಎಸ್ಸಿ. ಎಂದು ಬರೆಸಿದ್ದೆ. ಆ ಊರಿನಲ್ಲಿ ಹಾಗೆ ಯಾರೂ ಬರೆಸುವುದಿಲ್ಲ. ಎದುರು ಫ್ಲಾಟಿನವರು ಭಟ್ಕಳದವರು, ನವಾಯತಿ ಮಾತಾಡುವ ಕುಟುಂಬ, ಯಜಮಾನರಿಗೆ ಬಟ್ಟೆಯ ವ್ಯಾಪಾರ. ಬಂದ ಮೊದಲ ವಾರವೇ ಅವರು ಬಾಗಿಲು ತಟ್ಟಿ, ಎರಡು ದಿನದಿಂದ ಕೆಮ್ಮು, ಏನಾದರೂ ಮಾತ್ರೆ ಬರೆದುಕೊಡಿ ಎಂದು ಕೇಳಿದರು. ಡಾಕ್ಟರಲ್ಲ ಎಂದು ತಿಳಿಸಿದಾಗ ಅವರ ಹೆಂಡತಿ ಜೈನಬಕ್ಕ ಹಿಂದಿನಿಂದ, "ಹಾಗಾದರೆ ಬೋರ್ಡು ಯಾಕೆ?" ಎಂದು ಕೇಳಿದ್ದು ನನಗೆ ಕೇಳಿಸಿತು. ಕೇಳಿಸದವನಂತೆ ಇದ್ದೆ.

ಆ ಫ್ಲಾಟಿನ ಅಡುಗೆಮನೆ ಬರಿದಾಗಿತ್ತು, ಕುಕಿಂಗ್ ರೇಂಜನ್ನು ನಾವೇ ಹಾಕಿಸಿಕೊಳ್ಳಬೇಕಿತ್ತು. ವನಿತಾಳಿಗೆ ಗ್ಯಾಸೇ ಬೇಕಿತ್ತು. ನಾನು ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯಲ್ಲಿ ಇಂಡಕ್ಷನ್ ರೇಂಜಿನ ಮುಂದೆ ನಿಂತುಬಿಟ್ಟೆ. ನಾಲ್ಕು ಒಲೆ, ಕೆಳಗೆ ಓವನ್ನು, ಮೇಲೆ ಕಪ್ಪು ಕನ್ನಡಿಯಂಥ ಗಾಜು. ಅದರಲ್ಲೂ ಎರಡು ಬಗೆ. ಒಂದಕ್ಕೆ ತಿರುಗಿಸುವ ನಾಬ್‌ಗಳಿದ್ದವು, ಇನ್ನೊಂದಕ್ಕೆ ಗಾಜಿನ ಮೇಲೆ ಬರೀ ಗುರುತುಗಳು, ಬೆರಳು ತಾಗಿಸಿದರೆ ಸಾಕು. ವನಿತಾ ಹೇಳಿದಳು, "ಇಂಡಕ್ಷನ್ನೇ ಬೇಕಾದರೆ ನಾಬ್ ಇರುವುದನ್ನು ತೆಗೊಳ್ಳಿ. ನಾಳೆ ಅತ್ತೆ ಬಂದರೆ ಅವರಿಗೂ ಆಗ್ತದೆ." ಅಂಗಡಿಯವನು ನನ್ನ ಮುಖವನ್ನು ಒಮ್ಮೆ ಓದಿದ. ಆಮೇಲೆ ಹಿಂದಿಯಲ್ಲಿ ತಣ್ಣಗೆ, "ನಾಬ್ ಎಲ್ಲರೂ ತಗೊಳ್ತಾರೆ ಸಾರ್. ಟಚ್ ಓದಿದವರಿಗೆ" ಎಂದ. ಮುಂದೆ ಚೌಕಾಸಿಯೇ ನಡೆಯಲಿಲ್ಲ. ನಾನು ಎಲ್ಲಿ ಸಹಿ ಹಾಕಬೇಕು ಎಂದಷ್ಟೇ ಕೇಳಿದೆ.

ಈ ಒಲೆಯ ಹಿಂದಿನ ತತ್ವವನ್ನು ಕಂಡುಹಿಡಿದವರಲ್ಲಿ ಹೆಸರಾದವನು ಇಂಗ್ಲೆಂಡಿನ ಒಬ್ಬ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. ಕಾಲೇಜಿಗೆ ಹೋದವನಲ್ಲ. ಅವನ ಕತೆಯನ್ನು ನಾನು ಬಂದವರಿಗೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಪದವಿಯಿಲ್ಲದವನು ಕಂಡುಹಿಡಿದದ್ದನ್ನು ಪದವಿಯ ಜಂಬಕ್ಕೆ ಮನೆಗೆ ತಂದಿದ್ದೇನೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಅಮ್ಮ ಬಂದದ್ದು ಮೇ ತಿಂಗಳಲ್ಲಿ, ಮೂರು ತಿಂಗಳ ವಿಸಿಟ್ ವೀಸಾದಲ್ಲಿ. ವಿಮಾನ ನಿಲ್ದಾಣದಲ್ಲಿ ಅವಳ ಕಣ್ಣನ್ನು ಯಂತ್ರಕ್ಕೆ ತೋರಿಸಿದರಂತೆ. ಹೊರಗೆ ಬಂದವಳು ಮೊದಲು ಹೇಳಿದ್ದೇ ಅದು. "ಕಣ್ಣಾದ ಕಾರಣ ಬಚಾವು ಮಗಾ. ಊರಿನಲ್ಲಿ ಆ ಗುರುತಿನ ಕಾರ್ಡಿಗೆ ಬೆರಳಚ್ಚು ಕೇಳಿದ್ದರಲ್ಲ, ನನ್ನದು ಬೀಳಲೇ ಇಲ್ಲ." ನಾವು ಮನೆಯಲ್ಲಿ ಮಾತಾಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಬೆರಳಿನ ಸಂಗತಿಯನ್ನು ಅವಳು ಹಿಂದೆ ಫೋನಿನಲ್ಲೂ ಹೇಳಿದ್ದಳು. ಆಗಲೂ ನಾನು ಹೂಂಗುಟ್ಟಿದ್ದೆ, ಈಗಲೂ ಹೂಂಗುಟ್ಟಿ ಸಾಮಾನಿನ ಗಾಡಿಯನ್ನು ತಳ್ಳಿದೆ.

ಗಾಡಿಯಲ್ಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಗಂಜಿಯ ಪಾತ್ರೆ ಇತ್ತು. ಅಲ್ಯೂಮಿನಿಯಮ್ಮಿನದು, ಒಂದು ಕಡೆ ಜಜ್ಜಿದ್ದು. ಅದರೊಳಗೆ ಕುಚ್ಚಲಕ್ಕಿ ತುಂಬಿಕೊಂಡು ಬಂದಿದ್ದಳು. ಮನೆಗೆ ಬಂದು ನಾನು ಅಕ್ಕಿಯನ್ನು ಬೇರೆ ಡಬ್ಬಿಗೆ ಸುರಿದು, ಪಾತ್ರೆಯನ್ನು ಬೋರಲು ಹಾಕಿ, ಒಂಟೆಯನ್ನು ಹಿಡಿದೆ. ಒಂಟೆ ಜಾರಿ ನೆಲಕ್ಕೆ ಬಿತ್ತು. "ಫೇಲ್, ಅಮ್ಮ" ಎಂದೆ. ಅಮ್ಮ ಪಾತ್ರೆಯನ್ನು ಒಮ್ಮೆ ನೋಡಿ, "ನಿನ್ನದು ಬ್ರಾಂಚಿನ ಚೆಕ್ಕರನ ಹಾಗಾಯಿತು" ಎಂದು ನಕ್ಕಳು. ಕಟ್ಟಿದ ಬೀಡಿಯನ್ನು ಒಪ್ಪಿಸುವ ಬ್ರಾಂಚಿನಲ್ಲಿ ಒಬ್ಬ ಚೆಕ್ಕರ್ ಕೂತಿರುತ್ತಾನೆ. ತನಗೆ ಸರಿ ಕಾಣದ ಬೀಡಿಗಳನ್ನು ಮುರಿದು ಪಕ್ಕಕ್ಕೆ ಎಸೆಯುತ್ತಾನೆ. ಚಿಕ್ಕವನಿದ್ದಾಗ ಅಮ್ಮನ ಜೊತೆ ಹೋಗಿ ಅವನನ್ನು ನೋಡಿದ್ದೇನೆ. ದೊಡ್ಡವನಾದ ಮೇಲೆ ಇವನಿಗೆ ಹೊಡೆಯಬೇಕು ಎಂದು ಅಂದುಕೊಂಡಿದ್ದೆ. ದೊಡ್ಡವನಾದ ಮೇಲೆ ಅವನೇ ಆದೆ.

ಮರುದಿನ ಬೆಳಿಗ್ಗೆ ಪಾಠ. ಇದು ಕರೆಂಟಿನ ಒಲೆ ಅಮ್ಮ, ಮೊದಲ ನಿಯಮ, ಒದ್ದೆ ಕೈಯಲ್ಲಿ ಮುಟ್ಟಲೇಬಾರದು. ಕೈಯನ್ನು ಒಣಗುವ ಹಾಗೆ ಒರೆಸಿಕೊಂಡು, ಇಲ್ಲಿ ಬೆರಳು ಇಡು. ಊರಿನಲ್ಲಿ ಅಮ್ಮ ಒಲೆ ಹೊತ್ತಿಸುವ ಮೊದಲು ಕೈ ತೊಳೆದು, ಒಲೆಯ ದಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಇಲ್ಲೂ ತೊಳೆದಳು. ನಾನು ಹೇಳಿದ ಹಾಗೆ ಸೆರಗಿನಲ್ಲಿ ಬೆರಳು ಬೆರಳನ್ನೂ ಒರೆಸಿದಳು. ಗಾಜಿಗೆ ನಮಸ್ಕಾರ ಮಾಡಿದಳು. ಗುರುತಿನ ಮೇಲೆ ಬೆರಳಿಟ್ಟಳು. ಒಲೆ ಸುಮ್ಮನಿತ್ತು. ಇನ್ನೊಮ್ಮೆ ಇಟ್ಟಳು. ಸುಮ್ಮನಿತ್ತು. ನಾನು ಇಟ್ಟೆ. 'ಕುಂಯ್' ಎಂದು ಕೂಗಿ ಕೆಂಪು ದೀಪ ಹೊತ್ತಿಕೊಂಡಿತು.

"ಹೆದರಬೇಡ ಅಮ್ಮ. ಗಟ್ಟಿಯಾಗಿ ಇಡು."

ಗಟ್ಟಿಯಾಗಿ ಇಟ್ಟಳು. ಮೆಲ್ಲಗೆ ಇಟ್ಟಳು. ತೋರುಬೆರಳು ಬಿಟ್ಟು ಹೆಬ್ಬೆರಳು ಇಟ್ಟಳು. ಆರು ವರ್ಷದ ಮಗಳು ಅನಘ ಕುರ್ಚಿಯ ಮೇಲೆ ಹತ್ತಿ ನಿಂತು, "ಜಸ್ಟ್ ಟಚ್ ಇಟ್, ಅಜ್ಜಿ. ಲೈಕ್ ದಿಸ್" ಎಂದು 'ಕುಂಯ್' ಅನ್ನಿಸಿ ತೋರಿಸಿದಳು. ನಾನು ತೀರ್ಪು ಕೊಟ್ಟೆ. ಇದು ಹೆದರಿಕೆ, ಅಭ್ಯಾಸವಾದರೆ ಹೋಗುತ್ತದೆ.

ಇಲ್ಲಿ ನನ್ನ ಕೆಲಸ ಏನೆಂದು ಹೇಳಬೇಕು. ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು. ಊರಾಚೆಯ ಮುಸಫ್ಫಾದಲ್ಲಿ, ಕಾರ್ಖಾನೆಗಳ ನಡುವಿನ ಒಂದು ಲ್ಯಾಬಿನಲ್ಲಿ ನಾನು ಅಳತೆಯ ಉಪಕರಣಗಳನ್ನು ಪರೀಕ್ಷಿಸುತ್ತೇನೆ. ಎಣ್ಣೆ ಕಂಪನಿಗಳ ಪ್ರೆಶರ್ ಗೇಜು, ಥರ್ಮಾಮೀಟರುಗಳು ಬರುತ್ತವೆ, ಅವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ನೋಡಿ ಸ್ಟಿಕ್ಕರು ಅಂಟಿಸುವುದು ಕೆಲಸ. ಹೊಸಬರಿಗೆ ನಾನೇ ಪಾಠ ಮಾಡುವುದು, ಮೊದಲ ದಿನ ಹೇಳುವುದೂ ಒಂದೇ. ಅಳತೆ ಸರಿ ಬರದಿದ್ದರೆ ಮೊದಲು ಉಪಕರಣವನ್ನು ಅನುಮಾನಿಸಿ. ಲ್ಯಾಬಿನಲ್ಲಿ ವರ್ಷಗಟ್ಟಲೆ ಹೇಳಿದ ಈ ಮಾತು ಕಂಪನಿ ಬಸ್ಸಿನಲ್ಲಿ ನನ್ನ ಜೊತೆ ಮನೆಗೆ ಮಾತ್ರ ಬರಲಿಲ್ಲ.

ಅಮ್ಮ ಬಂದ ಎರಡನೆಯ ಶುಕ್ರವಾರ, ರಜೆಯ ದಿನ, ಊರ ಕಡೆಯ ನಾಲ್ಕೈದು ಸಂಸಾರಗಳನ್ನು ಊಟಕ್ಕೆ ಕರೆದಿದ್ದೆ. ಕುಂದಾಪುರದ ಶೇಖರಣ್ಣನೂ ಬಂದಿದ್ದರು. ಲ್ಯಾಬಿನಲ್ಲಿ ನನ್ನ ಮೇಲಿನವರು, ನನ್ನನ್ನು ಈ ಕೆಲಸಕ್ಕೆ ಸೇರಿಸಿದವರು ಅವರೇ. ಊಟಕ್ಕೆ ಮೊದಲು ನನ್ನ ಪ್ರದರ್ಶನವಿತ್ತು. ಗಾಜಿಗೂ ಪಾತ್ರೆಗೂ ನಡುವೆ ಒಂದು ಕಾಗದ ಇಟ್ಟು ನೀರು ಕುದಿಸುವುದು. ನೀರು ಕುದಿಯುತ್ತದೆ, ಕಾಗದ ಸುಡುವುದಿಲ್ಲ. ಎಲ್ಲರೂ ಅಡುಗೆಮನೆಯ ಬಾಗಿಲಲ್ಲಿ ಸೇರಿದರು. ನನಗೆ ಎಲ್ಲಿಂದ ಬುದ್ಧಿ ಬಂತೋ, "ಅಮ್ಮ, ನೀನೇ ಹೊತ್ತಿಸಿ ತೋರಿಸು. ಎಷ್ಟು ಸುಲಭ ಎಂದು ಇವರಿಗೂ ಗೊತ್ತಾಗಲಿ" ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಕೈಯನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿದಳು. ಬೆರಳು ಇಟ್ಟಳು. ಏನೂ ಆಗಲಿಲ್ಲ. ಇನ್ನೊಮ್ಮೆ ಇಟ್ಟು, ಬೆರಳನ್ನು ಸ್ವಲ್ಪ ಉಜ್ಜಿದಳು. ಜನ ಕಾಯುತ್ತಿದ್ದರು. ನಾನು ನಗುತ್ತ ಹೇಳಿದೆ, "ಇದೇನು ಬೀಡಿಯಾ ಅಮ್ಮ, ಹೊಸೆಯಲಿಕ್ಕೆ? ಬರೀ ಮುಟ್ಟಬೇಕು."

ಎಲ್ಲರೂ ನಕ್ಕರು. ಅವರಿಗೆ ಅದೊಂದು ಊರ ಕಡೆಯ ತಮಾಷೆ. ಅದು ಬರೀ ತಮಾಷೆಯಲ್ಲ ಎಂದು ಆ ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಮೂವರಿಗೆ. ವನಿತಾ ನಗಲಿಲ್ಲ. ನಾನು ನಗುತ್ತಲೇ ಇದ್ದೆ. ಅಮ್ಮ ಮಾತ್ರ ಎಲ್ಲರ ಜೊತೆ ನಕ್ಕು, "ನನ್ನ ತಲೆಗೆ ಹೋಗುವುದಿಲ್ಲ ಮಾರಾಯ, ನೀನೇ ಮಾಡು" ಎಂದು ಪಕ್ಕಕ್ಕೆ ಸರಿದಳು. ಬಂದವರ ಮುಂದೆ ತನ್ನ ಕೆಲಸದ ಹೆಸರು ಇಷ್ಟು ದಿನ ಯಾಕೆ ಬಂದಿರಲಿಲ್ಲ, ಈಗ ಯಾವ ರೀತಿ ಬಂತು, ಎರಡೂ ಅವಳಿಗೆ ಆ ಕ್ಷಣದಲ್ಲೇ ಅರ್ಥವಾಗಿತ್ತು. ಕಾಗದ ಸುಡಲಿಲ್ಲ. ಪ್ರದರ್ಶನ ಯಶಸ್ವಿಯಾಯಿತು.

ಆಮೇಲೆ ಅಮ್ಮ ಒಲೆಯ ಹತ್ತಿರ ಹೋಗುವುದನ್ನು ಬಿಟ್ಟಳು. ಐದಕ್ಕೆ ಏಳುವವಳು ನಾವು ಏಳುವ ತನಕ ಹಾಲ್‌ನಲ್ಲಿ ಕೂತಿರುತ್ತಿದ್ದಳು. ನಾನು ಬಸ್ಸಿಗೆ, ವನಿತಾ ಕ್ಲಿನಿಕ್ಕಿನ ರಿಸೆಪ್ಷನ್ನಿಗೆ, ಮಗಳು ಶಾಲೆಗೆ. ವನಿತಾ ಮಾಡಿಟ್ಟದ್ದನ್ನು ಅಮ್ಮ ಮಧ್ಯಾಹ್ನ ತಣ್ಣಗೇ ತಿನ್ನುತ್ತಾಳೆ ಎಂದು ನಾವು ಅಂದುಕೊಂಡಿದ್ದೆವು. ಒಂದು ಸಂಜೆ ಅಮ್ಮ, "ನನ್ನನ್ನು ಊರಿಗೆ ಕಳಿಸಿಬಿಡು ಮಗಾ. ಇಲ್ಲಿ ನನಗೆ ಎಂತ ಕೆಲಸ ಉಂಟು?" ಎಂದಳು. ಬಂದು ಒಂದು ತಿಂಗಳೂ ಆಗಿರಲಿಲ್ಲ. ಸೆಖೆ ಹಿಡಿಸುವುದಿಲ್ಲ ಎಂದು ನಾನು ಅದಕ್ಕೂ ಕಾರಣ ಕಂಡುಹಿಡಿದೆ. ಟಿಕೆಟ್ಟಿನ ತಾರೀಖು ಬದಲಿಸಲು ಟ್ರಾವೆಲ್ಸಿನವನಿಗೆ ಹೇಳಿಯೂ ಬಿಟ್ಟೆ.

ಆ ವರ್ಷ ಉಪವಾಸದ ತಿಂಗಳು ಬೇಸಿಗೆಯಲ್ಲಿ ಬಂದಿತ್ತು. ರಂಜಾನಿನಲ್ಲಿ ಕೆಲಸದ ಹೊತ್ತು ಕಡಿಮೆ. ಮೊದಲ ವಾರವೇ ಒಂದು ದಿನ ಬಸ್ಸು ಮೂರಕ್ಕೆ ಮೊದಲೇ ನನ್ನನ್ನು ಇಳಿಸಿತು. ಮೇಲೆ ಬಂದರೆ ನಮ್ಮ ಬಾಗಿಲಿಗೆ ಬೀಗ. ಎದುರಿನ ಬಾಗಿಲು ಅರೆ ತೆರೆದಿತ್ತು. ಒಳಗೆ ಜೈನಬಕ್ಕನ ಅಡುಗೆಮನೆಯಲ್ಲಿ ಅಮ್ಮ ಒಂದು ಸ್ಟೂಲಿನ ಮೇಲೆ ಕೂತು ಚಾ ಕುಡಿಯುತ್ತಿದ್ದಳು. ಗ್ಯಾಸಿನ ಮೇಲೆ ಅವಳ ಜಜ್ಜಿದ ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು. ಬೆಳಗಿನಿಂದ ಒಂದು ಹನಿ ನೀರು ಕುಡಿಯದ ಜೈನಬಕ್ಕ ಪಕ್ಕದಲ್ಲಿ ನಿಂತು ಕೊತ್ತಂಬರಿ ಬಿಡಿಸುತ್ತಿದ್ದರು.

ನನ್ನನ್ನು ಕಂಡು ಅಮ್ಮ ಲೋಟವನ್ನು ಸೆರಗಿನ ಹಿಂದೆ ಇಟ್ಟುಕೊಂಡಳು. ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ. ಆ ಲೋಟವನ್ನು ನಾನು ಮರೆಯಲಾರೆ.

"ಉಪವಾಸದವಳ ಮನೆಯಲ್ಲಿ ಬೇಡ ಎಂದೆ ಮಗಾ. ಇವಳು ಕೇಳುವುದಿಲ್ಲ" ಎಂದಳು.

"ಉಪವಾಸ ನನಗೆ, ಅವರಿಗಲ್ಲ" ಎಂದರು ಜೈನಬಕ್ಕ, ಕೊತ್ತಂಬರಿಯಿಂದ ಕಣ್ಣೆತ್ತದೆ. "ನಿಮ್ಮ ಒಲೆ ಇವರ ಬೆರಳಿಗೆ ಕೇಳುವುದಿಲ್ಲ, ಗೊತ್ತುಂಟಲ್ಲ?"

"ಅಮ್ಮನಿಗೆ ಸ್ವಲ್ಪ ಹೆದರಿಕೆ" ಎಂದೆ.

"ಹೆದರಿಕೆ ಎಂತದು? ನನ್ನ ಅತ್ತೆಗೆ ಮೊಬೈಲಿನಲ್ಲಿ ಹೀಗೇ ಆಗ್ತಿತ್ತು. ಜೀವಮಾನ ಇಡೀ ಬಲೆ ನೇಯ್ದ ಬೆರಳು ಅವರದ್ದು. ಒದ್ದೆ ಮಾಡಿ ಮುಟ್ಟಿದರೆ ಕೇಳ್ತಿತ್ತು. ಇವರಿಗೂ ಹಾಗೆ ಮಾಡಿ ಅಂದೆ. ಬೇಡವಂತೆ. ಒದ್ದೆ ಕೈಯಲ್ಲಿ ಮುಟ್ಟಬಾರದು, ಮಗ ಹೇಳಿದ್ದಾನೆ ಅಂತಾರೆ." ಕೊತ್ತಂಬರಿಯ ಕಡ್ಡಿಗಳನ್ನು ಒಟ್ಟು ಮಾಡುತ್ತ ಅವರು ಸೇರಿಸಿದರು, "ಬೋರ್ಡಿನವರು ಹೇಳಿದ ಮೇಲೆ ನಾವು ಎಂತ ಹೇಳುವುದು?"

ಅಮ್ಮನನ್ನು ಕರೆದುಕೊಂಡು ಬಂದೆ. ನಲ್ಲಿಯ ಕೆಳಗೆ ಅವಳ ತೋರುಬೆರಳನ್ನು ಹಿಡಿದು, ಒದರಿ, ಗಾಜಿನ ಮೇಲೆ ಇಡಿಸಿದೆ. 'ಕುಂಯ್' ಎಂದಿತು. ಅಮ್ಮ ಬೆಚ್ಚಿ ಕೈ ತೆಗೆದಳು. ಆಮೇಲೆ ತಾನೇ ಮತ್ತೆ ಇಟ್ಟಳು, ಆರಿತು. ಇಟ್ಟಳು, ಹೊತ್ತಿತು. ನಾಲ್ಕು ಒಲೆಗಳನ್ನೂ ಒಂದೊಂದಾಗಿ ಕೂಗಿಸಿ ನೋಡಿದಳು. ಅವಳ ಮುಖದಲ್ಲಿ ಬಂದದ್ದು ಸಂತೋಷ ಎಂದು ಬರೆದರೆ ಸಾಲದು. ತಾನು ದಡ್ಡಿಯಲ್ಲ ಎಂದು ಗೊತ್ತಾದ ಸಮಾಧಾನ ಅದು. ಅವಳನ್ನು ದಡ್ಡಿ ಮಾಡಿದ್ದು ಯಾರು ಎಂದು ಅವಳು ಕೇಳಲಿಲ್ಲ.

ಹಿಡಿದಿದ್ದ ಆ ಬೆರಳನ್ನು ನಾನು ಆಗ ನೋಡಿದೆ. ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹಳೆಯ ನಾಣ್ಯದ ಮೇಲಿನ ಚಿತ್ರ ಸವೆದು ಹೋದ ಹಾಗೆ ಸವೆದಿತ್ತು, ಮೇಲೆ ಚರ್ಮ ಒಣಗಿ ಚಿಪ್ಪಿನಷ್ಟು ಗಟ್ಟಿಯಾಗಿತ್ತು. ಅಂಥ ಒಣ ಚರ್ಮ ಗಾಜಿನ ಕೆಳಗಿನ ಸೂಕ್ಷ್ಮ ಯಂತ್ರಕ್ಕೆ ಬೆರಳು ಎಂದೇ ತೋರುವುದಿಲ್ಲ, ಸ್ವಲ್ಪ ತೇವ ಬೇಕು. ಇದು ನಾನು ಓದಿದ ವಿಷಯವೇ, ಪರೀಕ್ಷೆಯಲ್ಲಿ ಬಂದಿದ್ದರೆ ಪೂರ್ತಿ ಅಂಕ ತೆಗೆಯುತ್ತಿದ್ದೆ. ಕಾರ್ಡಿಗೆ ಬೆರಳು ಬೀಳಲಿಲ್ಲ ಎಂದು ಅವಳೇ ಎರಡು ಸಲ ಉತ್ತರದ ಅರ್ಧವನ್ನು ಹೇಳಿಕೊಟ್ಟಿದ್ದಳು. ಸಾಲದ್ದಕ್ಕೆ, ಒಲೆ ಕೇಳದ ಹಾಗೆ ಮಾಡಿದ್ದು ನನ್ನದೇ ನಿಯಮ. ಕೈ ತೊಳೆದು ಹಾಗೇ ಮುಟ್ಟುವ ಅವಳ ಅಭ್ಯಾಸಕ್ಕೆ ಬಿಟ್ಟಿದ್ದರೆ ಮೊದಲ ದಿನವೇ ಒಲೆ ಹೊತ್ತುತ್ತಿತ್ತು. ಒರೆಸಿಕೋ ಎಂದವನು ನಾನು.

"ತಪ್ಪಾಯಿತು ಅಮ್ಮ" ಎನ್ನಬೇಕಿತ್ತು. ನಮ್ಮಲ್ಲಿ ಅಮ್ಮಂದಿರಿಗೆ ಹಾಗೆ ಹೇಳಿ ರೂಢಿಯಿಲ್ಲ. ಬಾಯಿ ತೆರೆದರೆ, "ಟಿಕೆಟ್ಟು ಬದಲಿಸುವುದು ಬೇಡ ಎಂದು ಹೇಳಲಾ?" ಎಂದಷ್ಟೇ ಬಂತು.

"ನೋಡುವ" ಎಂದಳು. ಆಮೇಲೆ ಒಂದು ಹಳೆಯ ಬಟ್ಟೆಯ ತುಂಡು ಹುಡುಕಿ, ಒದ್ದೆ ಮಾಡಿ ಹಿಂಡಿ, ಒಂದು ಬಟ್ಟಲಲ್ಲಿ ಮಡಚಿ ಒಲೆಯ ಪಕ್ಕದಲ್ಲಿಟ್ಟಳು. "ಬೀಡಿ ಎಲೆಯೂ ಹಾಗೆಯೇ ಅಲ್ವಾ? ಒಣಗಿದ್ದರೆ ಸುತ್ತಲಿಕ್ಕೆ ಹೋದಲ್ಲೇ ಮುರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಇಟ್ಟರೆ ಹೇಳಿದ ಹಾಗೆ ಕೇಳುತ್ತದೆ." ಶುಕ್ರವಾರದ ನನ್ನ ಮಾತನ್ನು ನೆನಪಿಸಲು ಹೇಳಿದಳೋ, ಸುಮ್ಮನೆ ಹೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ.

ಮರುದಿನದಿಂದ ಬೆಳಗಿನ ಐದು ಗಂಟೆಗೆ ಅಡುಗೆಮನೆಯಿಂದ 'ಕುಂಯ್' ಎಂದು ಕೇಳತೊಡಗಿತು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಎದುರಿನ ಮನೆಗೆ ಒಂದು ತಟ್ಟೆ ಗೋಳಿಬಜೆ, ಅವರಿಂದ ತಟ್ಟೆ ಖಾಲಿ ಬರುತ್ತಿರಲಿಲ್ಲ. ಗಂಜಿಯ ಪಾತ್ರೆ ಜೈನಬಕ್ಕನ ಗ್ಯಾಸಿನ ಮೇಲೇ ಉಳಿಯಿತು. ಅದಕ್ಕೆ ನನ್ನ ಒಂಟೆಯ ಒಪ್ಪಿಗೆ ಯಾವತ್ತೂ ಸಿಗಲಾರದು, ಅದಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಅಮ್ಮ ವೀಸಾದ ಕೊನೆಯ ವಾರದವರೆಗೆ ಇದ್ದಳು.

ಈದ್ ರಜೆಗೆ ಶೇಖರಣ್ಣ ಬಂದರು. ನೀರು ಕುಡಿಯಲು ಅಡುಗೆಮನೆಗೆ ಬಂದವರು ಬಟ್ಟಲಿನ ಬಟ್ಟೆಯನ್ನು ನೋಡಿ, "ಇದೆಂತ, ಒಲೆಗೆ ಜ್ವರ ಬಂದಿದೆಯಾ?" ಎಂದರು. ಗಾಜು ಒರೆಸಲು ಎಂದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅಮ್ಮ ಅಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು.

"ಅಮ್ಮನ ಬೆರಳು ಸವೆದಿದೆ ಶೇಖರಣ್ಣ. ಬೀಡಿ ಕಟ್ಟಿ" ಎಂದೆ. "ನನ್ನನ್ನು ಓದಿಸಿದ್ದು ಬೀಡಿ ಕಟ್ಟಿಯೇ. ಅವತ್ತು ನಾನು ತಮಾಷೆ ಮಾಡಿದ್ದು ಅದನ್ನೇ. ಬೆರಳು ಒದ್ದೆ ಮಾಡಿದರೆ ಮಾತ್ರ ಒಲೆ ಕೇಳುತ್ತದೆ."

ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಶೇಖರಣ್ಣ ನೀರಿನ ಲೋಟವನ್ನು ಕೆಳಗಿಟ್ಟರು. ನನ್ನ ಕಡೆ ನೋಡಲೇ ಇಲ್ಲ. ಅಮ್ಮನನ್ನು ಕೇಳಿದರು, "ದಿನಕ್ಕೆ ಎಷ್ಟು ಕಟ್ಟುತ್ತಿದ್ದಿರಿ?"

"ಸಾವಿರ. ಮಳೆಗಾಲದಲ್ಲಿ ಸ್ವಲ್ಪ ಕಡಿಮೆ" ಎಂದಳು ಅಮ್ಮ. ತಲೆ ಎತ್ತಿ ಹೇಳಿದಳು.

ಶೇಖರಣ್ಣ ಬಟ್ಟಲಿನ ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿದರು. "ನಮ್ಮಮ್ಮ ಎಂಟುನೂರು ದಾಟುತ್ತಿರಲಿಲ್ಲ" ಎಂದರು.

ಹತ್ತು ವರ್ಷ ಒಂದೇ ಲ್ಯಾಬಿನಲ್ಲಿ, ಒಂದೇ ಬಸ್ಸಿನಲ್ಲಿ, ನಾವಿಬ್ಬರೂ ಸೇರಿ ದಿನಕ್ಕೆ ಸಾವಿರದ ಎಂಟುನೂರು ಬೀಡಿಯನ್ನು ಬಚ್ಚಿಟ್ಟಿದ್ದೆವು. ಅಮ್ಮ, "ಹೋಗಿ ಕೂತುಕೊಳ್ಳಿ ಇಬ್ಬರೂ, ಇಲ್ಲಿ ಜಾಗ ಇಲ್ಲ" ಎಂದು ನಮ್ಮನ್ನು ಅಟ್ಟಿ, ಬಟ್ಟೆಗೆ ಬೆರಳು ಒತ್ತಿ ಒಲೆ ಹೊತ್ತಿಸಿದಳು.

ಅಮ್ಮ ಊರಿಗೆ ಹೋದ ಮೇಲೂ ಆ ಬಟ್ಟಲನ್ನು ವನಿತಾ ತೆಗೆದಿಲ್ಲ. ಬಾಗಿಲಿನ ಬೋರ್ಡಿನಲ್ಲಿ ಬಿ.ಎಸ್ಸಿ. ಇನ್ನೂ ಇದೆ. ಅದನ್ನು ಕೀಳಿಸಲು ಹೊರಟಾಗ ಅಮ್ಮನೇ ಫೋನಿನಲ್ಲಿ ಬೈದಳು, "ಅದು ನಿನ್ನೊಬ್ಬನದ್ದಾ, ತೆಗೆಯಲಿಕ್ಕೆ?" ಬೆಳಿಗ್ಗೆ ಚಾ ಮಾಡುವುದು ಈಗ ನನ್ನ ಪಾಲಿನ ಕೆಲಸ. ನನ್ನ ಬೆರಳು ಒಣಗಿದ್ದರೂ ಒಲೆ ಮೊದಲ ಸಲಕ್ಕೇ ಓಗೊಡುತ್ತದೆ, ಅಷ್ಟು ಮೃದುವಾಗಿದೆ ಬೆರಳು. ಆ ಮೃದುತನ ಎಲ್ಲಿಂದ ಬಂತು ಎಂದು ಗೊತ್ತಿರುವುದರಿಂದ, ಅಗತ್ಯವಿಲ್ಲದಿದ್ದರೂ ಒಮ್ಮೆ ಆ ಒದ್ದೆ ಬಟ್ಟೆಯನ್ನು ಮುಟ್ಟಿಯೇ ಹೊತ್ತಿಸುತ್ತೇನೆ. ಅಪ್ಪ ಯಾಕೆ ಹೀಗೆ ಮಾಡುತ್ತಾರೆ ಎಂದು ಅನಘ ಕೇಳಿದಳು. ಅರ್ಧ ಗಂಟೆಯ ಉತ್ತರ ನನ್ನ ಬಳಿ ಇತ್ತು. ಕಾಗದ ಪೆನ್ನು ತರಿಸಲಿಲ್ಲ. ಕುರ್ಚಿಯ ಮೇಲೆ ಹತ್ತಿಸಿ, ಅವಳ ಬೆರಳನ್ನೂ ಒಮ್ಮೆ ಒದ್ದೆ ಮಾಡಿಸಿದೆ.